ಕಚೇರಿ ಚಿಕ್ಕೋಡಿಯಲ್ಲಿ, ಕೀಲಿಕೈ ಬೆಳಗಾವಿಯಲ್ಲಿ

ಶಾಲಾ ಶಿಕ್ಷಣದ ಆಡಳಿತವನ್ನು ಕಳಚಿ ಮರುಜೋಡಿಸುವ ಮಾತು ಬೆಂಗಳೂರಿನಲ್ಲಿ ಆಗಾಗ ಏಳುತ್ತದೆ. 2022ರಲ್ಲಿ ಎಸ್ಸೆಸ್ಸೆಲ್ಸಿ ಮಂಡಳಿಯನ್ನೂ ಪಿಯು ಪರೀಕ್ಷೆಯನ್ನೂ ಕೂಡಿಸಿ ‘ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ’ ಮಾಡಲಾಯಿತು. ಸಾರ್ವಜನಿಕ ಶಿಕ್ಷಣ ಇಲಾಖೆಯ ಫಲಕ ಅಳಿಸಿ ಶಾಲಾ ಶಿಕ್ಷಣ ಇಲಾಖೆ ಎಂದು ಬರೆಸಲಾಯಿತು. ಪ್ರೊ. ಸುಖದೇವ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿ 2+8+4ರ ರಚನೆಯನ್ನು ಮುಂದಿಟ್ಟಿತು. ಆ ಲೆಕ್ಕದಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಒಂದೇ ಘಟ್ಟ. ಅದು ಜಾರಿಯಾದರೆ ಶಾಲೆಗಳನ್ನು ನೋಡುವ ಉಪನಿರ್ದೇಶಕರ (ಡಿಡಿಪಿಐ), ಪಿಯು ಕಾಲೇಜುಗಳನ್ನು ನೋಡುವ ಉಪನಿರ್ದೇಶಕರ (ಡಿಡಿಪಿಯು) ಕಚೇರಿಗಳ ಗಡಿ ಅಳಿಸಬೇಕಾಗುತ್ತದೆ. ಬೆಂಗಳೂರಿಗೆ ಇವೆಲ್ಲ ದೊಡ್ಡ ಸುದ್ದಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಬೇಕಾದ ಒಂದು ಸಂಗತಿ ಮಾತ್ರ ಈ ಚರ್ಚೆಯೊಳಗೆ ಬರುವುದೇ ಇಲ್ಲ. ಶಾಲೆಯ ಮೇಲೆ ಕಣ್ಣಿಡುವವರಿಗೆ, ಕಂಡದ್ದನ್ನು ಸರಿಪಡಿಸುವ ಅಧಿಕಾರವನ್ನೂ ಕೊಡಬೇಕು. ಅಷ್ಟೇ.

ಚಿಕ್ಕೋಡಿ ವಿಚಿತ್ರ ಸ್ಥಿತಿಯಲ್ಲಿರುವ ಊರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಅದು ಜಿಲ್ಲೆ. ಮರುದಿನ ತಾಲ್ಲೂಕು. ರಾಜ್ಯದ ಕಂದಾಯ ಜಿಲ್ಲೆಗಳು 31, ಶೈಕ್ಷಣಿಕ ಜಿಲ್ಲೆಗಳು 35. ಬೆಂಗಳೂರು ನಗರವನ್ನು ಉತ್ತರ, ದಕ್ಷಿಣ ಎಂದು ಒಡೆದದ್ದು ಬಿಟ್ಟರೆ ಹೆಚ್ಚಿನ ಮೂರು ಚಿಕ್ಕೋಡಿ, ಶಿರಸಿ ಮತ್ತು ಮಧುಗಿರಿ. ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಲ್ಲಿ ಮೇಲೆ ಹೇಳಿದ ಐದರ ಜೊತೆಗೆ ಹುಕ್ಕೇರಿ, ಗೋಕಾಕ, ಮೂಡಲಗಿ ಸೇರಿ ಎಂಟು ವಲಯಗಳಿವೆ. ಮಾತೃ ಜಿಲ್ಲೆ ಎನಿಸಿದ ಬೆಳಗಾವಿಗಿಂತ ಒಂದು ಹೆಚ್ಚು. ಡಿಡಿಪಿಐ ಕಚೇರಿ ಇದೆ, ಶಿಕ್ಷಕರ ತರಬೇತಿಯ ಡಯಟ್ ಇದೆ, ಪದವಿಪೂರ್ವ ಶಿಕ್ಷಣದ ಲೆಕ್ಕದಲ್ಲೂ ಚಿಕ್ಕೋಡಿ ಬೇರೆಯೇ. ಆದರೆ ಜಿಲ್ಲಾಧಿಕಾರಿ ಬೆಳಗಾವಿಯಲ್ಲಿ, ಜಿಲ್ಲಾ ಪಂಚಾಯಿತಿ ಸಿಇಒ ಬೆಳಗಾವಿಯಲ್ಲಿ, ಅಪರ ಆಯುಕ್ತರು ಧಾರವಾಡದಲ್ಲಿ, ಆಯುಕ್ತರು ಬೆಂಗಳೂರಿನಲ್ಲಿ.

1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಹೊಸ ಜಿಲ್ಲೆಗಳನ್ನು ಮಾಡುವಾಗ ಚಿಕ್ಕೋಡಿ, ಗೋಕಾಕಗಳ ಹೆಸರೂ ಬಂದು, ಗಡಿ ವಿವಾದದ ಕಾರಣಕ್ಕೆ ಹಿಂದೆ ಸರಿದದ್ದು ಈ ಭಾಗದ ಹಿರಿಯರಿಗೆಲ್ಲ ನೆನಪಿದೆ. ಜಿಲ್ಲೆ ಒಡೆಯಬೇಕೋ ಬೇಡವೋ ಎಂಬ ಜಗಳಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ಅದು ತೀರುವವರೆಗೆ ಮಕ್ಕಳು ಕಾಯಬೇಕಾಗಿಲ್ಲ ಎಂಬುದಷ್ಟೇ ನಮ್ಮ ಮಾತು. 2011ರ ಜನಗಣತಿಯಲ್ಲೇ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47.79 ಲಕ್ಷ. ಪಕ್ಕದ ಗೋವಾ ರಾಜ್ಯದ್ದು 14.58 ಲಕ್ಷ. ಮೂರು ಗೋವಾದಷ್ಟು ಜನರಿರುವ ಜಿಲ್ಲೆಗೆ ಒಬ್ಬರೇ ಸಿಇಒ. ಅವರ ಮೇಜಿನ ಮೇಲೆ ಶಾಲೆಯ ಕಡತಗಳಿಗೆ ಮೊದಲೇ ಕುಡಿಯುವ ನೀರು, ಉದ್ಯೋಗ ಖಾತರಿ, ರಸ್ತೆಗಳ ಕಡತಗಳಿರುತ್ತವೆ.

ನ್ಯಾಯವಾಗಿ ಹೇಳಬೇಕೆಂದರೆ ಡಿಡಿಪಿಐ ಬರಿಗೈಯವರಲ್ಲ. ಪ್ರಾಥಮಿಕ ಶಾಲಾ ಶಿಕ್ಷಕರ ನೇಮಕಾತಿ ಪ್ರಾಧಿಕಾರ ಅವರೇ, ತಪ್ಪು ಮಾಡಿದವರನ್ನು ಅಮಾನತಿನಲ್ಲಿಡುವವರೂ ಅವರೇ. ಅಂದರೆ ದಂಡಿಸುವ ಅಧಿಕಾರ ಚಿಕ್ಕೋಡಿಯಲ್ಲಿದೆ, ದುರಸ್ತಿಯ ಅಧಿಕಾರ ಇಲ್ಲ. ಸೋರುವ ಕೋಣೆಯ ಕಥೆ ನೋಡಿ. ಮುಖ್ಯಶಿಕ್ಷಕರು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಹೇಳುತ್ತಾರೆ, ಅವರು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಮುಟ್ಟಿಸುತ್ತಾರೆ, ಅಲ್ಲಿಂದ ಪಟ್ಟಿ ಡಿಡಿಪಿಐ ಕಚೇರಿಗೆ, ಅಲ್ಲಿಂದ ಬೆಳಗಾವಿಗೆ. ಅಂದಾಜುಪಟ್ಟಿ ಮಾಡುವುದು ಪಂಚಾಯತ್ ರಾಜ್ ಎಂಜಿನಿಯರಿಂಗ್ ಇಲಾಖೆ. ಬೀಳುವಂತಿರುವ ಕೋಣೆಯನ್ನು ಕೆಡವುವುದಕ್ಕೂ ಆ ಇಲಾಖೆಯ ಎಂಜಿನಿಯರ್ ‘ಶಿಥಿಲ’ ಎಂದು ಬರೆದುಕೊಡಬೇಕು. ಶಾಲೆ ನೋಡುವ ಅಧಿಕಾರಿಗೆ ಎಂಜಿನಿಯರ್ ಮೇಲೆ ಹಿಡಿತವಿಲ್ಲ. ಎಂಜಿನಿಯರ್‌ಗೆ ಶಾಲೆಯ ವೇಳಾಪಟ್ಟಿ ಗೊತ್ತಿಲ್ಲ. ನಡುವೆ ಮಳೆಗಾಲ ಬರುತ್ತದೆ.

ಈ ಸೀಮೆಯ ಮಳೆಗಾಲ ಬೆಂಗಳೂರಿನ ಮಳೆಗಾಲದಂತಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿದರೆ ಇಲ್ಲಿ ಬಿಸಿಲಿದ್ದರೂ ಕಲ್ಲೋಳ-ಯಡೂರ, ಕಾರದಗಾ-ಭೋಜ, ಮಲಿಕವಾಡ-ದತ್ತವಾಡ ಸೇತುವೆಗಳು ಮುಳುಗುತ್ತವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿದಂಡೆಯ ಹಳ್ಳಿಗಳಲ್ಲಿ ಶಾಲೆಯೇ ಕಾಳಜಿ ಕೇಂದ್ರವಾಗುತ್ತದೆ. 2005, 2019, 2021ರ ಮಹಾಪೂರಗಳಲ್ಲಿ ಮೊದಲು ಶಾಲೆಗೆ ಜನ ಬಂದರು, ದನ ಬಂದವು, ಹೊಳೆ ಇನ್ನೂ ಏರಿದಾಗ ಕೆಲವು ಶಾಲೆಗಳೊಳಗೆ ನೀರೂ ಬಂತು. ಅಂಥ ವರ್ಷ ಯಾವ ಶಾಲೆಯನ್ನು ಎಷ್ಟು ದಿನ ಮುಚ್ಚಬೇಕು, ಕಳೆದುಹೋದ ಪಾಠವನ್ನು ಯಾವ ರಜೆಯಲ್ಲಿ ತುಂಬಬೇಕು, ಕೊಚ್ಚಿಹೋದ ಪಠ್ಯಪುಸ್ತಕ ಎಲ್ಲಿಂದ ತರಬೇಕು ಎಂಬುದನ್ನು ಹೊಳೆಯ ದಂಡೆ ಬಲ್ಲವರು ನಿರ್ಧರಿಸಬೇಕು. ಕಬ್ಬಿನ ಹಂಗಾಮಿನದೂ ಇದೇ ಮಾತು. ದೀಪಾವಳಿಯ ಹೊತ್ತಿಗೆ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಗುಂಪುಗಳು ಬಂದು ಸಕ್ಕರೆ ಕಾರ್ಖಾನೆಗಳ ಸುತ್ತ ಗುಡಿಸಲು ಹಾಕುತ್ತವೆ. ಅವರೊಂದಿಗೆ ಬಂದ ಮಕ್ಕಳು ಮರಾಠಿ ಬಲ್ಲವರು. ಅವರನ್ನು ಯಾವ ಶಾಲೆಗೆ, ಯಾವ ಮಾಧ್ಯಮಕ್ಕೆ, ಯಾರ ಹಾಜರಿಗೆ ಸೇರಿಸಿಕೊಳ್ಳಬೇಕು ಎಂಬ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ. ರಾಜ್ಯಕ್ಕೆಲ್ಲ ಒಂದೇ ಸುತ್ತೋಲೆಯಲ್ಲಿ ಉತ್ತರ ಸಿಗುವ ಪ್ರಶ್ನೆಯಲ್ಲ ಇದು.

ಉಸ್ತುವಾರಿ ಎಂದರೆ ಬರೀ ಪತ್ರ ಬರೆಯುವುದು ಎಂದು ಈ ನೆಲದಲ್ಲಿ ಯಾವಾಗಲೂ ಇರಲಿಲ್ಲ. ಮುಂಬಯಿ ಪ್ರಾಂತದ ಕಾಲದಲ್ಲಿ ಕನ್ನಡ ಹಳ್ಳಿಗಳಲ್ಲಿ ಮರಾಠಿ ಶಾಲೆ ನಡೆಯುತ್ತಿದ್ದಾಗ, ಕನ್ನಡ ಶಾಲೆಗಳನ್ನು ತೆರೆಸಿ, ಅವಕ್ಕೆ ಮಾಸ್ತರರನ್ನು ತಯಾರು ಮಾಡಿದ ಡೆಪ್ಯೂಟಿ ಚನ್ನಬಸಪ್ಪನವರು ಇಲಾಖೆಯ ಅಧಿಕಾರಿ. ಹುದ್ದೆ ಅವರ ಹೆಸರಿಗೇ ಅಂಟಿಕೊಂಡಿತು. ಶಾಲೆ ಇಲ್ಲದ ಊರನ್ನು ಕಂಡರೆ ಶಾಲೆ ತೆರೆಸುವಷ್ಟು ಕೈ ಆ ಹುದ್ದೆಗಿತ್ತು. ಬಳಿಕ 1923 ಮತ್ತು 1947ರ ಮುಂಬಯಿ ಪ್ರಾಥಮಿಕ ಶಿಕ್ಷಣ ಕಾಯ್ದೆಗಳ ಅಡಿ ಸ್ಕೂಲ್ ಬೋರ್ಡುಗಳ ಆಡಳಿತ ನಡೆಯಿತು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು, ಮುಂದೆ ಬೋರ್ಡುಗಳ ಕಾಲ ಮುಗಿದು ಶಾಲೆಗಳು ನೇರವಾಗಿ ಇಲಾಖೆಯ ಕೈಗೆ ಹೋದವು. ಗಡಿಯಾಚೆ ಮಹಾರಾಷ್ಟ್ರ ಬೇರೆ ದಾರಿ ಹಿಡಿಯಿತು. 1962ರ ಮೇ 1ರಿಂದ ಅಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು, ಪ್ರಾಥಮಿಕ ಶಾಲೆ ಅವುಗಳ ಪಾಲಾಯಿತು. ಹೀಗಾಗಿ ಇವತ್ತಿಗೂ ನಿಪ್ಪಾಣಿಯಿಂದ ಕಾಗಲ್ ಕಡೆಗೋ ಕಾಗವಾಡದಿಂದ ಮಿರಜ್ ಕಡೆಗೋ ತುಸು ದೂರ ಹೋದರೆ ಶಾಲೆಯ ಹಲಗೆಯ ಮೇಲೆ ‘ಸರ್ಕಾರಿ’ ಹೋಗಿ ‘ಜಿಲ್ಲಾ ಪರಿಷತ್’ ಬರುತ್ತದೆ.

ಹಾಗೆಂದು ಆಚೆಯದೆಲ್ಲ ಚೆನ್ನ ಎನ್ನಲಾಗದು. 2024ರಲ್ಲಿ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಮರಾಠಿ ಶಿಕ್ಷಕರನ್ನು ನೇಮಿಸಿದ್ದನ್ನು ಎರಡೂ ಕಡೆಯ ಕನ್ನಡಿಗರು ವಿರೋಧಿಸಬೇಕಾಯಿತು. ಜಿಲ್ಲಾ ಪರಿಷತ್ತು ಎದುರಿಗಿದ್ದೂ ಆ ಎಡವಟ್ಟು ತಪ್ಪಲಿಲ್ಲ. ಅಧಿಕಾರ ಹತ್ತಿರವಿದ್ದರೆ ಸಾಲದು, ಅದು ತರಗತಿಯ ಭಾಷೆಯನ್ನೂ ಬಲ್ಲದ್ದಾಗಿರಬೇಕು.

ಈ ಮಾತು ನಮಗೂ ಅನ್ವಯಿಸುತ್ತದೆ. ನಿಪ್ಪಾಣಿ, ಚಿಕ್ಕೋಡಿ, ಕಾಗವಾಡ ಭಾಗದಲ್ಲಿ ಕರ್ನಾಟಕ ಸರ್ಕಾರವೇ ನಡೆಸುವ ಮರಾಠಿ ಶಾಲೆಗಳಿವೆ. ಮರಾಠಿ ಬಾರದ ಅಧಿಕಾರಿ ಅಲ್ಲಿ ಭೇಟಿ ಕೊಟ್ಟರೆ ನೋಡುವುದೇನನ್ನು? ಹಾಜರಿ, ಬಿಸಿಯೂಟದ ಅಕ್ಕಿ, ಶೌಚಾಲಯದ ಬಾಗಿಲು. ಮಗು ಓದಿದ್ದು ಸರಿಯೋ ತಪ್ಪೋ ಅವರಿಗೆ ತಿಳಿಯದು. ಉರ್ದು ಶಾಲೆಗಳಿಗೆ ಆ ಭಾಷೆ ಬಲ್ಲ ಶಿಕ್ಷಣ ಸಂಯೋಜಕರನ್ನು ಕೊಡುವ ಪದ್ಧತಿ ಇಲಾಖೆಗೆ ಹೊಸದಲ್ಲ. ಅದೇ ಏರ್ಪಾಡು ಈ ತಾಲ್ಲೂಕುಗಳ ಮರಾಠಿ ಶಾಲೆಗಳಿಗೂ ಬೇಕು. ಮರಾಠಿ ಶಾಲೆಯ ಮಗುವಿಗೆ ಕನ್ನಡವನ್ನು ಚೆನ್ನಾಗಿ ಕಲಿಸಲು ಸಹ ಎರಡೂ ಭಾಷೆ ಬಲ್ಲ ಮೇಲ್ವಿಚಾರಕರೇ ಬೇಕು. ಕನ್ನಡಕ್ಕೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ಇದನ್ನು ಗಡಿ ರಾಜಕೀಯದ ಕಣ್ಣಿಂದ ನೋಡುವವರು ನೋಡಲಿ.

ಈಗ ಸಿಆರ್‌ಪಿಗಳ ವಿಷಯ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಉಪಯುಕ್ತ ಹುದ್ದೆ ಇದು, ಅತ್ಯಂತ ಹಾಳುಗೆಡವಿದ ಹುದ್ದೆಯೂ ಇದೇ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, ಕರ್ನಾಟಕದಲ್ಲಿ ಮೊದಲು ಬಂದದ್ದು ನಾಲ್ಕು ಜಿಲ್ಲೆಗಳಿಗೆ: ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಹಾಗಾಗಿ ಕ್ಲಸ್ಟರ್ ಎಂಬ ಏರ್ಪಾಡನ್ನು ರಾಜ್ಯದಲ್ಲಿ ಮೊದಲು ಕಂಡವರಲ್ಲಿ ನಮ್ಮ ಶಿಕ್ಷಕರೂ ಇದ್ದರು. ಸುತ್ತಲಿನ ಒಂದಷ್ಟು ಶಾಲೆಗಳಿಗೆ ಒಬ್ಬ ಅನುಭವಿ ಶಿಕ್ಷಕ, ಆತ ತನಿಖೆ ಮಾಡುವ ಸಾಹೇಬನಲ್ಲ, ಜೊತೆಗೆ ಕೂತು ಪಾಠದ ತೊಡಕು ಬಿಡಿಸುವ ಗೆಳೆಯ. ಕಲ್ಪನೆ ಎಷ್ಟು ಚೆನ್ನಾಗಿತ್ತು! ಹಳೆಯ ಇನ್‌ಸ್ಪೆಕ್ಟರ್ ಬಂದರೆ ಮಾಸ್ತರರು ನಡುಗುತ್ತಿದ್ದರು, ಸಿಆರ್‌ಪಿ ಬಂದರೆ ಪ್ರಶ್ನೆ ಕೇಳಲಿ ಎಂಬುದು ಅದರ ಹಿಂದಿನ ಆಸೆ.

ಮೂವತ್ತು ವರ್ಷಗಳಲ್ಲಿ ಆ ಗೆಳೆಯನನ್ನು ನಾವು ಅಂಚೆಯವನನ್ನಾಗಿ ಮಾಡಿದ್ದೇವೆ. ಬೆಳಗಾದರೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇಂದು ಮಧ್ಯಾಹ್ನದೊಳಗೆ ತಪ್ಪದೇ’ ಎಂಬ ಆದೇಶ. ಎಷ್ಟು ಮಕ್ಕಳಿಗೆ ಮೊಟ್ಟೆ, ಎಷ್ಟು ಮಕ್ಕಳಿಗೆ ಬಾಳೆಹಣ್ಣು ಎಂಬ ಲೆಕ್ಕ. ರಾಜ್ಯದ ಸ್ಯಾಟ್ಸ್ ತಂತ್ರಾಂಶದಲ್ಲಿ ಒಂದು ನಮೂದು, ಕೇಂದ್ರದ ಯುಡೈಸ್‌ನಲ್ಲಿ ಅದೇ ಮಾಹಿತಿ ಇನ್ನೊಮ್ಮೆ. ಶೂ-ಸಾಕ್ಸ್ ಹಂಚಿಕೆ, ಕಬ್ಬಿಣಾಂಶದ ಮಾತ್ರೆ, ಪ್ರತಿಭಾ ಕಾರಂಜಿ, ಮತದಾರರ ಪಟ್ಟಿ, ಸಮೀಕ್ಷೆ. ಮೊಟ್ಟೆ ಕೊಡಬೇಡಿ ಎಂದು ನಾವು ಹೇಳುತ್ತಿಲ್ಲ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ 2024ರಲ್ಲಿ ವಾರದ ಆರೂ ದಿನ ಮೊಟ್ಟೆ ಸಿಗುವಂತಾದದ್ದು ಒಳ್ಳೆಯದೇ. ಅದರ ಲೆಕ್ಕ ಕೂಡಿಸಲು ಬಿ.ಇಡಿ. ಓದಿದ ಅನುಭವಿ ಶಿಕ್ಷಕನೇ ಬೇಕೆ? ಆತನನ್ನು ತರಗತಿಯಿಂದ ಎತ್ತಿ ತಂದು ಈ ಕೆಲಸಕ್ಕೆ ಹಚ್ಚಿದ್ದೇವೆ, ಆತ ಬಿಟ್ಟುಬಂದ ತರಗತಿಗೆ ಅತಿಥಿ ಶಿಕ್ಷಕರನ್ನು ಹುಡುಕುತ್ತಿದ್ದೇವೆ. 2025-26ರ ಬಜೆಟ್‌ನಲ್ಲಿ ಅತಿಥಿ ಶಿಕ್ಷಕರ ಗೌರವಧನಕ್ಕೆ 2 ಸಾವಿರ ರೂಪಾಯಿ ಕೂಡಿಸಿದರು. ಕೂಡಿಸಿದ ಮೇಲೂ ಅದು ಕಾಯಂ ಶಿಕ್ಷಕರ ಸಂಬಳದ ಹತ್ತಿರಕ್ಕೂ ಬರುವುದಿಲ್ಲ.

ಬಿಇಒಗಳ ಪಾಡು ಇದಕ್ಕಿಂತ ಬೇರೆಯಲ್ಲ. ವೇತನ, ವರ್ಗಾವಣೆ, ಅನುದಾನಿತ ಶಾಲೆಗಳ ವ್ಯಾಜ್ಯ, ಖಾಸಗಿ ಶಾಲೆಗಳ ಮಾನ್ಯತೆ ನವೀಕರಣ, ಪರೀಕ್ಷಾ ಕೇಂದ್ರ, ಸಚಿವರ ಪ್ರವಾಸ. ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಶಾಲಾ ಭೇಟಿ. ಭೇಟಿ ಪುಸ್ತಕದಲ್ಲಿ ‘ಶಾಲೆಗೆ ಭೇಟಿ ನೀಡಿದೆ, ದಾಖಲಾತಿ ಪರಿಶೀಲಿಸಿದೆ’ ಎಂಬ ಒಂದೇ ಸಾಲು ವರ್ಷಗಟ್ಟಲೆ ಮರುಕಳಿಸುತ್ತದೆ. ಆ ಸಾಲಿನ ಕೆಳಗೆ ‘ಕಳೆದ ಭೇಟಿಯಲ್ಲಿ ಹೇಳಿದ್ದು ಆಗಿದೆಯೇ’ ಎಂದು ಬರೆಯುವ ಪದ್ಧತಿ ಇಲ್ಲ. ಯಾಕೆಂದರೆ ಆಗಿಲ್ಲದಿದ್ದರೆ ಅದು ಶಾಲೆಯ ತಪ್ಪಲ್ಲ, ಬರೆದವರ ಕೈಯಲ್ಲೂ ಅದು ಇರುವುದಿಲ್ಲ.

ಕಣ್ಣಿಡುವುದು ಸರ್ಕಾರಕ್ಕೆ ಬರುವುದಿಲ್ಲ ಎಂದಲ್ಲ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೋಣೆ ಕೋಣೆಗೂ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ನಕಲಿಗೆ ಕಡಿವಾಣ ಬಿತ್ತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಉತ್ತೀರ್ಣತೆಗೆ ಬೇಕಾದ ಅಂಕವನ್ನು ಶೇ. 35ರಿಂದ 25ಕ್ಕೆ ಇಳಿಸಿ, ಶೇ. 20ರಷ್ಟು ಕೃಪಾಂಕ ಕೊಟ್ಟ ಮೇಲೆ! ಚಿಕ್ಕೋಡಿಯ ಪಾಲಿಗೆ ಬಂದದ್ದು ಶೇ. 70ರ ಆಸುಪಾಸು, ರಾಜ್ಯದ ಸರಾಸರಿಗಿಂತ ಕೆಳಗೆ. ಕ್ಯಾಮೆರಾ ನಿಜ ಹೇಳಿತು, ಸಂತೋಷ. ಆದರೆ ಅದು ಹೇಳಿದ್ದು ಹತ್ತನೇ ವರ್ಷದ ಕೊನೆಯ ವಾರದಲ್ಲಿ. ಐದನೇ ತರಗತಿಯಲ್ಲಿ ಓದಲು ಬಾರದ ಮಗುವನ್ನು ಅಂದೇ ಗುರುತಿಸಬೇಕಿದ್ದವರು ಅಂದು ಬೇರೆ ಲೆಕ್ಕಪತ್ರ ಬರೆಯುತ್ತಿದ್ದರು.

ಅಧಿಕಾರಿಗಳ ಮೇಲೆ ಜನರ ಕಣ್ಣಿರಬೇಕಲ್ಲ, ಅದರ ಗತಿ ಏನಾಗಿದೆ? 1987ರಲ್ಲಿ ಜಿಲ್ಲಾ ಪರಿಷತ್ತುಗಳು ಬಂದಾಗ ಶಾಲೆ ಅವುಗಳ ಕಕ್ಷೆಗೆ ಬಂತು. 1993ರ ಪಂಚಾಯತ್ ರಾಜ್ ಕಾಯ್ದೆಯೂ ಅದನ್ನೇ ಮುಂದುವರಿಸಿತು. ಜಿಲ್ಲಾ ಪಂಚಾಯಿತಿ ಸಭೆಯಲ್ಲಿ ಅಥಣಿಯ ಸದಸ್ಯರೊಬ್ಬರು ಎದ್ದು ‘ನಮ್ಮ ಶಾಲೆಗೆ ಗಣಿತ ಮಾಸ್ತರರು ಎಲ್ಲಿ’ ಎಂದು ಡಿಡಿಪಿಐ ಅವರನ್ನು ಎಲ್ಲರೆದುರು ಕೇಳಬಹುದಿತ್ತು. ಕಡೆಯ ಚುನಾವಣೆ ನಡೆದದ್ದು 2016ರಲ್ಲಿ. ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಮುಂದೂಡುತ್ತ ಬಂದ ಸರ್ಕಾರಗಳು ಒಂದೇ ಪಕ್ಷದವಲ್ಲ. ಆ ಕುರ್ಚಿಗಳು ಖಾಲಿಯಾದ ಮೇಲೆ ಶಾಲೆಯ ಪ್ರಶ್ನೆ ಕೇಳುವ ಜನಪ್ರತಿನಿಧಿ ಎಂದರೆ ಶಾಸಕರು ಮಾತ್ರ. ಅವರಿಗೆ ನೂರೆಂಟು ಕೆಲಸ.

ಊರಿನ ಮಟ್ಟದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. ರಾಜಾ ರಾಮಣ್ಣ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯ ಬೆನ್ನಿಗೆ 2001ರಲ್ಲಿ ಹುಟ್ಟಿದ ಈ ಸಮಿತಿ ದೇಶಕ್ಕೇ ಮಾದರಿ ಎನಿಸಿತ್ತು. ಪಾಲಕರೇ ಪಾಲಕರನ್ನು ಆರಿಸಿ ಶಾಲೆಯನ್ನು ಅವರ ಕೈಗೆ ಒಪ್ಪಿಸುವುದು ಸಣ್ಣ ಮಾತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾನೂನಿನಲ್ಲೇ ಬರೆಯಿತು. ಕಾಗದದ ಮೇಲೆ ಎಲ್ಲವೂ ಇದೆ. ಆದರೆ ಎಸ್‌ಡಿಎಂಸಿ ಠರಾವು ಬಿಇಒ ಕಚೇರಿ ತಲುಪಿದ ಮೇಲೆ ಇಷ್ಟು ದಿನದಲ್ಲಿ ಉತ್ತರ ಕೊಡಬೇಕೆಂಬ ಕಟ್ಟುಪಾಡು ಎಲ್ಲಿದೆ? ಎರಡು ಸಲ ಠರಾವು ಬರೆದು ಉತ್ತರ ಕಾಣದ ಅಧ್ಯಕ್ಷರು ಮೂರನೇ ಸಲ ಸಭೆ ಕರೆಯುವುದಿಲ್ಲ. ಮುಂದೆ ಸಮಿತಿಯ ಚುನಾವಣೆ ಗುಂಪುಗಾರಿಕೆಗೆ ಸಿಕ್ಕಿದರೆ ಅಚ್ಚರಿಯೇನು?

ಇನ್ನು ಕರ್ನಾಟಕ ಪಬ್ಲಿಕ್ ಶಾಲೆಗಳು. ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣ, ಒಂದೇ ಆಡಳಿತ. 2025-26ರ ಬಜೆಟ್‌ನಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನೊಂದಿಗೆ ಇನ್ನೂ 500 ಇಂಥ ಶಾಲೆಗಳ ಮಾತು ಬಂತು. ಒಳ್ಳೆಯ ಶಾಲೆ ಬೇಡ ಎನ್ನುವವರು ಯಾರು? ಆದರೆ ಅದರ ಜೊತೆಗೇ ಸಣ್ಣ ಶಾಲೆಗಳನ್ನು ದೊಡ್ಡದಕ್ಕೆ ಸೇರಿಸುವ ಯೋಚನೆಯೂ ಬರುತ್ತಿದೆ. ಅದು ಈ ಐದು ತಾಲ್ಲೂಕುಗಳನ್ನು ನೋಡದೇ ಮಾಡಿದ ಯೋಚನೆ. ಇಲ್ಲಿ ರೈತಾಪಿ ಕುಟುಂಬಗಳು ಊರೊಳಗಿಂತ ಹೊಲದಲ್ಲೇ ಮನೆ ಮಾಡಿಕೊಂಡಿರುವುದು ಹೆಚ್ಚು. ಆದ್ದರಿಂದಲೇ ಅಥಣಿ, ರಾಯಬಾಗ, ಚಿಕ್ಕೋಡಿ ವಲಯಗಳ ಶಾಲೆಗಳ ಪಟ್ಟಿ ತೆಗೆದರೆ ‘ತೋಟ’, ‘ಕೋಡಿ’ ಎಂದು ಕೊನೆಗೊಳ್ಳುವ ಕಿರಿಯ ಪ್ರಾಥಮಿಕ ಶಾಲೆಗಳು ಸಾಲುಸಾಲಾಗಿ ಸಿಗುತ್ತವೆ. ಮಕ್ಕಳು ಕಡಿಮೆ, ಶಿಕ್ಷಕರು ಒಬ್ಬಿಬ್ಬರು. ಬೆಂಗಳೂರಿನ ಕಂಪ್ಯೂಟರ್‌ನಲ್ಲಿ ಅವು ‘ಕಡಿಮೆ ದಾಖಲಾತಿ’ಯ ಶಾಲೆಗಳಾಗಿ ಕಾಣುತ್ತವೆ. ಅಲ್ಲಿ ನಿಂತು ನೋಡಿದವರಿಗೆ ಬೇರೆ ಕಾಣುತ್ತದೆ: ತಲೆಯೆತ್ತರದ ಕಬ್ಬಿನ ನಡುವಿನ ಕಾಲುದಾರಿ, ಕಾಲುವೆ, ಹೆದ್ದಾರಿಯಲ್ಲಿ ಓಡುವ ಕಬ್ಬಿನ ಟ್ರ್ಯಾಕ್ಟರ್, ಆರು ವರ್ಷದ ಹುಡುಗಿ. ಒಂದರಿಂದ ಐದನೇ ತರಗತಿಯ ಮಗುವಿಗೆ 1 ಕಿ.ಮೀ. ಒಳಗೆ ಶಾಲೆ ಇರಬೇಕೆಂದು ಶಿಕ್ಷಣ ಹಕ್ಕು ನಿಯಮ ಹೇಳುತ್ತದೆ. ತೋಟದ ಶಾಲೆಯನ್ನು ಮುಚ್ಚುವ ಮುನ್ನ ಆ ದಾರಿಯನ್ನು ನಡೆದು ನೋಡಿದವರ ಸಹಿ ಕಡತದಲ್ಲಿರಬೇಕು.

ಹಾಗಾದರೆ ಮಾಡಬೇಕಾದದ್ದೇನು? ಹೊಸ ಕಾಯ್ದೆ ಬೇಡ, ಹೊಸ ಜಿಲ್ಲೆಗೂ ಕಾಯಬೇಕಿಲ್ಲ. ಚಿಕ್ಕೋಡಿ ಡಿಡಿಪಿಐ ಅವರ ಕೈಗೆ ದುರಸ್ತಿಯ ಒಂದು ನಿಧಿ ಕೊಟ್ಟು, ಅವರ ಮಾತು ಕೇಳುವ ಎಂಜಿನಿಯರ್ ಒಬ್ಬರನ್ನು ಅವರ ಕಚೇರಿಗೇ ನಿಯೋಜಿಸಬೇಕು. ಹೊಳೆದಂಡೆಯ ಶಾಲೆಗಳ ವೇಳಾಪಟ್ಟಿ, ಕಬ್ಬಿನ ಗುಂಪುಗಳ ಮಕ್ಕಳ ಸೇರ್ಪಡೆ, ಸಣ್ಣ ಶಾಲೆಗಳ ಉಳಿವು ಇವುಗಳ ನಿರ್ಧಾರ ಅಲ್ಲಿಯೇ ಆಗಬೇಕು. ಪ್ರೌಢಶಾಲಾ ಶಿಕ್ಷಕರ ಸಣ್ಣಪುಟ್ಟ ಕಡತಗಳು ಧಾರವಾಡದ ದಾರಿ ಹಿಡಿಯುವುದು ನಿಲ್ಲಬೇಕು. ಸಿಆರ್‌ಪಿಗಳ ಕೈಯಿಂದ ಲೆಕ್ಕಪತ್ರ ಕಿತ್ತು ಕ್ಲಸ್ಟರಿಗೊಬ್ಬ ಗುಮಾಸ್ತರನ್ನು ಕೊಟ್ಟರೆ ಅದಕ್ಕಾಗುವ ಖರ್ಚು ಒಂದು ಹೊಸ ಆ್ಯಪ್‌ಗೆ ಹಾಕುವ ಹಣಕ್ಕಿಂತ ಉಪಯೋಗಕ್ಕೆ ಬರುತ್ತದೆ. ಕೊಟ್ಟ ಅಧಿಕಾರಕ್ಕೆ ಲೆಕ್ಕ ಕೇಳುವವರೂ ಬೇಕು. ಅದಕ್ಕೆ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ಬಿಟ್ಟು ಬೇರೆ ದಾರಿಯಿಲ್ಲ.

ಅಧಿಕಾರ ಕೆಳಗೆ ಬಂದರೆ ಭ್ರಷ್ಟಾಚಾರವೂ ಕೆಳಗೆ ಬರುತ್ತದೆ ಎನ್ನುವವರಿದ್ದಾರೆ. ಅದು ಮೇಲೆ ಇರಲಿಲ್ಲವೇ? ಚಿಕ್ಕೋಡಿಯಲ್ಲಿ ದುಡ್ಡು ಪೋಲಾದರೆ ಸಂಕೇಶ್ವರ-ಅಂಕಲಿಯ ಚಹಾದಂಗಡಿಗಳಲ್ಲೂ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಪೋಲಾದದ್ದು ನಮಗೆ ಲೆಕ್ಕ ಪರಿಶೋಧನಾ ವರದಿಯಲ್ಲಿ, ಅದೂ ಕೆಲವು ವರ್ಷ ಕಳೆದ ಮೇಲೆ.

ಈ ಐದು ತಾಲ್ಲೂಕುಗಳಲ್ಲಿ ಚಿಕ್ಕೋಡಿ-ಸದಲಗಾ, ನಿಪ್ಪಾಣಿ, ರಾಯಬಾಗ, ಕುಡಚಿ, ಅಥಣಿ, ಕಾಗವಾಡ ಎಂಬ ಆರು ವಿಧಾನಸಭಾ ಕ್ಷೇತ್ರಗಳಿವೆ. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಸೇರುವಾಗ ಈ ಆರೂ ಶಾಸಕರು ತಮ್ಮ ಜಿಲ್ಲೆಯಲ್ಲೇ ಇರುತ್ತಾರೆ, ಶಿಕ್ಷಣ ಸಚಿವರೂ ಅಲ್ಲೇ ಇರುತ್ತಾರೆ. ಚಿಕ್ಕೋಡಿ ಡಿಡಿಪಿಐ ಕಚೇರಿಗೆ ಹಣಕಾಸು ಮತ್ತು ದುರಸ್ತಿಯ ಅಧಿಕಾರ ಕೊಡುವ ಒಂದು ಸರ್ಕಾರಿ ಆದೇಶವನ್ನು ಕೇಳಲು ಪಕ್ಷ ಅಡ್ಡಬರಬಾರದು. ಆರೂ ಜನ ಒಂದೇ ಪತ್ರಕ್ಕೆ ಸಹಿ ಹಾಕಿ ಸಚಿವರ ಕೈಗೆ ಕೊಡಲಿ. ಕೊಡದವರ ಹೆಸರನ್ನು ಎಸ್‌ಡಿಎಂಸಿ ಪಾಲಕರು ಬರೆದಿಟ್ಟುಕೊಳ್ಳಲಿ.